ದುಡಿಯಲು ಹೋದವರ ಅಭಿಪ್ರಾಯಕ್ಕೆ ಬೆಲೆಯುಂಟೆ?

ಗೋವಾ ಎಂದೊಡನೆ ದೊಡ್ಡ ಪಟ್ಟಣಗಳ ಜನರಿಗೆ ಕಡಲತೀರ ನೆನಪಾದೀತು. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ತಾಲೂಕುಗಳ ಬಡ ಮನೆಗಳಲ್ಲಿ ನೆನಪಾಗುವುದು ಪಗಾರ. ಸುಗ್ಗಿ ಮುಗಿದ ಮೇಲೆ, ಮಳೆ ಕೈಕೊಟ್ಟ ವರ್ಷವಾದರೆ ಸುಗ್ಗಿಯ ಹಾದಿಯನ್ನೂ ಕಾಯದೆ, ಗೌಂಡಿಗಳೂ ಕೂಲಿಕಾರರೂ ಹಾಸಿಗೆ ಸುತ್ತಿಕೊಂಡು ಘಟ್ಟವಿಳಿಯುತ್ತಾರೆ. ಇದಕ್ಕೆ ನಮ್ಮ ಕಡೆ ಗುಳೆ ಹೋಗುವುದು ಎನ್ನುತ್ತಾರೆ. ಹಾಗೆ ಹೋದವರಲ್ಲಿ ಕೆಲವರು ಮರಳುತ್ತಾರೆ. ಹಲವರು ವಾಸ್ಕೋ, ಬೈನಾ, ಝುವಾರಿನಗರಗಳಲ್ಲಿ ಬೇರೂರಿ, ಜಾತ್ರೆಗೋ ಮದುವೆಗೋ ಮಾತ್ರ ಊರಿಗೆ ಬರುತ್ತಾರೆ. 2011ರ ಜನಗಣತಿಯ ಪ್ರಕಾರ ಗೋವಾದಲ್ಲಿ ಕನ್ನಡವನ್ನು ಮಾತೃಭಾಷೆಯೆಂದು ಬರೆಸಿದವರು ಸುಮಾರು 68 ಸಾವಿರ. ಋತುಮಾನಕ್ಕೆ ಹೋಗಿ ಬರುವವರಲ್ಲಿ ಎಷ್ಟು ಮಂದಿ ಈ ಲೆಕ್ಕಕ್ಕೆ ಸಿಕ್ಕಿದರೋ, ಎಷ್ಟು ಮಂದಿ ತಪ್ಪಿದರೋ!

ಪರನಾಡಿನಲ್ಲಿ ನೆಲೆಸಿದವರು ಆ ನಾಡಿನ ನಿತ್ಯಜೀವನ, ದುಡಿಮೆ, ರಾಜಕೀಯಗಳ ಬಗೆಗೆ ಏನೆನ್ನುತ್ತಾರೆ ಎಂಬುದನ್ನು ಜಗತ್ತು ಕುತೂಹಲದಿಂದ ಕೇಳುತ್ತದೆ. ಆದರೆ ಎಲ್ಲರಿಂದಲೂ ಕೇಳುವುದಿಲ್ಲ. ಥಾಯ್ಲೆಂಡಿನಲ್ಲಿ ವಿಶ್ರಾಂತ ಜೀವನ ನಡೆಸುವ ಯುರೋಪಿಯನ್ನರು ಅಲ್ಲಿಯ ಜನರ ಬಗೆಗೆ ಬೇಕಾದಷ್ಟು ಬರೆದಿದ್ದಾರೆ. ಅದೇ ದೇಶದ ಮೀನು ಕಾರ್ಖಾನೆಗಳಲ್ಲಿ, ಕಟ್ಟಡಗಳಲ್ಲಿ ದುಡಿಯುವ ಮ್ಯಾನ್ಮಾರ್, ಕಾಂಬೋಡಿಯಾ, ಲಾವೋಸ್ ದೇಶಗಳ ಲಕ್ಷಾಂತರ ಕೂಲಿಕಾರರ ಅಭಿಪ್ರಾಯವನ್ನು ಕೇಳಿದವರು ವಿರಳ. 2019ರ ನವೆಂಬರಿನಲ್ಲಿ ಬ್ಯಾಂಕಾಕಿಗೆ ಭೇಟಿಯಿತ್ತ ಜಗದ್ಗುರು ಪೋಪ್ ಫ್ರಾನ್ಸಿಸ್‌ರವರು ಅಲ್ಲಿಯ ಅಧಿಕಾರಸ್ಥರ ಸಮ್ಮುಖದಲ್ಲಿ ವಲಸೆಗಾರರ ವಿಷಯವನ್ನೇ ಎತ್ತಿದ್ದು ಅಕಾರಣವಲ್ಲ.

ನಮ್ಮ ಸೀಮೆಯ ಇತಿಹಾಸವೂ ಇದೇ ವ್ಯತ್ಯಾಸವನ್ನು ತೋರುತ್ತದೆ. 1824ರ ಅಕ್ಟೋಬರ್ 23ರಂದು ಕಿತ್ತೂರಿನಲ್ಲಿ ಧಾರವಾಡದ ಕಲೆಕ್ಟರ್ ಥ್ಯಾಕರೆ ಹತನಾದಾಗ ಸೆರೆಸಿಕ್ಕ ಆಂಗ್ಲ ಅಧಿಕಾರಿಗಳಲ್ಲಿ ವಾಲ್ಟರ್ ಎಲಿಯಟ್ ಒಬ್ಬ. ಆಗ ಅವನಿಗೆ ಇಪ್ಪತ್ತೊಂದು ವರ್ಷ. ಬಿಡುಗಡೆಯಾದ ತರುವಾಯ 1833ರವರೆಗೆ ಈ ಪ್ರದೇಶದಲ್ಲಿಯೇ ಇದ್ದು, ನೂರಾರು ಕನ್ನಡ ಶಾಸನಗಳ ಪ್ರತಿ ಮಾಡಿಸಿ, ಚಾಲುಕ್ಯಾದಿ ರಾಜವಂಶಗಳ ಕುರಿತು ಲೇಖನ ಬರೆದನು. ತನ್ನನ್ನು ಸೆರೆಯಲ್ಲಿಟ್ಟ ನಾಡನ್ನು ಅಷ್ಟು ಶ್ರದ್ಧೆಯಿಂದ ಓದಿದ ಪರಕೀಯನಿಗೆ ನಾವು ಋಣಿಗಳೇ ಸರಿ. ಆದರೆ ಅವನ ಮಾತು ಉಳಿದದ್ದು ಅವನು ಆಳುವವರ ಪೈಕಿ ಇದ್ದುದರಿಂದ. ಗೋವಾದಲ್ಲಿ ಇಪ್ಪತ್ತು ವರ್ಷ ಗೋಡೆ ಕಟ್ಟಿದ ಸವದತ್ತಿಯ ಗೌಂಡಿಗೆ ಆ ನಾಡಿನ ಬಗೆಗೆ ತಿಳಿದಿರುವುದು ಕಡಿಮೆಯೇನಲ್ಲ. ಅದು ಬಸ್ಸಿನಲ್ಲಿ ಹುಟ್ಟಿ ಬಸ್ಸಿನಲ್ಲಿಯೇ ಮುಗಿಯುತ್ತದೆ.

ಅವರು ಏನು ಹೇಳುತ್ತಾರೆ? ಮೊದಲು ಕೇಳಿಬರುವುದು ಮೆಚ್ಚುಗೆ. ಕೂಲಿ ಊರಿಗಿಂತ ಹೆಚ್ಚು. ವಾರದ ಕೊನೆಗೆ ಕೈಗೆ ಬರುತ್ತದೆ. ಹೊತ್ತು ಮುಳುಗಿದ ಮೇಲೂ ಹೆಣ್ಣುಮಕ್ಕಳು ಕೆಲಸ ಮುಗಿಸಿ ನಿರ್ಭಯವಾಗಿ ಬರಬಹುದು. ಊರಿನಲ್ಲಿ ಹೋಟೆಲಿನ ಹೊರಗೆ ನಿಂತು ಚಹಾ ಕುಡಿದು ಬೆಳೆದವನು ಅಲ್ಲಿ ಒಳಗೆ ಕುಳಿತು ಕುಡಿಯುತ್ತಾನೆ, ಯಾವ ಕೇರಿಯವನೆಂದು ಯಾರೂ ಕೇಳುವುದಿಲ್ಲ. ಈ ಕೊನೆಯ ಮಾತನ್ನು ವಾಚಕರು ಗಮನಿಸಬೇಕು. ಗೋವಾದ ಮೇಲಿನ ಅಭಿಪ್ರಾಯದಂತೆ ತೋರುವ ಅದು ವಾಸ್ತವದಲ್ಲಿ ನಮ್ಮ ಗ್ರಾಮಗಳ ಮೇಲಿನ ತೀರ್ಪು.

ದೂರುಗಳು ನಿಧಾನವಾಗಿ ಹೊರಬರುತ್ತವೆ. ಒಂದೇ ಖೋಲಿಗೆ ದುಬಾರಿ ಬಾಡಿಗೆ, ನೀರಿಗೆ ಪಾಳಿ, ಮುಕಾದಮನ ಮುಂಗಡಕ್ಕೆ ಕಟ್ಟುಬಿದ್ದ ದುಡಿಮೆ. ಎಲ್ಲಕ್ಕಿಂತ ಚುಚ್ಚುವುದು ಘಾಂಟಿ ಎಂಬ ಒಂದು ಪದ. ಘಟ್ಟದ ಮೇಲಿನವನು ಎಂಬುದು ಅದರ ಮೂಲಾರ್ಥ. ಬಳಕೆಯಲ್ಲಿ ಅದು ಬೈಗುಳ. ಗೋವಾದಲ್ಲಿ ಬಂಧುಗಳುಳ್ಳ ನಮ್ಮ ಕಥೋಲಿಕ ಕುಟುಂಬಗಳು ಈ ಪದವನ್ನು ಊಟದ ಮೇಜಿನ ಬಳಿಯೇ ಕೇಳಿರುತ್ತವೆ. ಬೆಳಗಾವಿ ಧರ್ಮಕ್ಷೇತ್ರ 1953ರಲ್ಲಿ ಸ್ಥಾಪನೆಯಾಗುವ ಮುನ್ನ ಈ ಭಾಗಕ್ಕೆ ಗೋವಾ ಮಹಾಧರ್ಮಕ್ಷೇತ್ರದೊಡನೆ ಇದ್ದ ನಂಟು ಹಳೆಯದು. ರಕ್ತಸಂಬಂಧವಂತೂ ಇಂದಿಗೂ ಹರಿದಿಲ್ಲ. ಆದುದರಿಂದ ಈ ವ್ಯಾಜ್ಯದಲ್ಲಿ ನಾವು ದೂರದ ಪ್ರೇಕ್ಷಕರಾಗಿರುವುದು ಸಾಧ್ಯವಿಲ್ಲ.

ದುಡಿಮೆಯ ವಿಷಯದಲ್ಲಿ ಕಳೆದ ದಶಕವು ಕಠಿಣ ಪಾಠ ಕಲಿಸಿತು. 2012ರಲ್ಲಿ ಗೋವಾದ ಅದಿರು ಗಣಿಗಾರಿಕೆ ನಿಂತಿತು. ಪುನಃ ಆರಂಭವಾದದ್ದು 2018ರಲ್ಲಿ ಸರ್ವೋಚ್ಚ ನ್ಯಾಯಾಲಯ 88 ಗುತ್ತಿಗೆಗಳನ್ನು ರದ್ದುಪಡಿಸಿದಾಗ ಮತ್ತೆ ನಿಂತಿತು. ಮಾಲೀಕರ ನಷ್ಟ, ಲಾರಿಯವರ ನಷ್ಟ ಚರ್ಚೆಯಾದಷ್ಟು ಹೊರಗಿನಿಂದ ಬಂದ ಕೂಲಿಯವನ ನಷ್ಟ ಚರ್ಚೆಯಾಗಲಿಲ್ಲ. 2020ರ ಮಾರ್ಚಿನಲ್ಲಿ ಗಡಿಗಳು ಮುಚ್ಚಿದಾಗ ಎರಡೂ ಸತ್ಯಗಳು ಒಮ್ಮೆಗೇ ಬಯಲಾದವು: ಬೆಳಗಾವಿಯ ತರಕಾರಿ ಬರದೆ ಗೋವಾದ ಅಡುಗೆಮನೆ ಪರದಾಡಿತು, ಕೆಲಸವಿಲ್ಲದೆ ನಮ್ಮವರು ಅಲ್ಲಿ ಪರದಾಡಿದರು. ಅದಕ್ಕೂ ಮುಂಚೆ, 2018ರ ಜನವರಿಯಿಂದ, ಬಾಂಬೋಳಿಯ ಗೋವಾ ವೈದ್ಯಕೀಯ ಕಾಲೇಜು ಆಸ್ಪತ್ರೆಯಲ್ಲಿ ಹೊರರಾಜ್ಯದವರಿಗೆ ಶುಲ್ಕ ವಿಧಿಸಲಾಯಿತು. ಆ ರಾಜ್ಯದ ಆರೋಗ್ಯ ವಿಮೆಯ ಕಾರ್ಡು ಬೇಕೆಂದರೆ ಐದು ವರ್ಷದ ವಾಸವನ್ನು ದಾಖಲೆಯಿಂದ ರುಜುವಾತು ಮಾಡಬೇಕು. ವರ್ಷಕ್ಕೊಂದು ಖೋಲಿ ಬದಲಿಸುವವನ ಬಳಿ ಯಾವ ದಾಖಲೆ ಇದ್ದೀತು?

ಇಷ್ಟು ಹೇಳಿದ ಮೇಲೆ ಗೋವಾದವರ ಮಾತನ್ನೂ ಕೇಳದಿದ್ದರೆ ಅದು ವಿಚಾರವಾಗದು, ಪಕ್ಷಪಾತವಾದೀತು. 2011ರಲ್ಲಿ ಇಡೀ ಗೋವಾದ ಜನಸಂಖ್ಯೆ ಹದಿನಾಲ್ಕೂವರೆ ಲಕ್ಷ. ನಮ್ಮ ಬೆಳಗಾವಿ ಜಿಲ್ಲೆಯೊಂದರದೇ ಸುಮಾರು 48 ಲಕ್ಷ. ಅಷ್ಟು ಚಿಕ್ಕ ನಾಡು 1961ರಲ್ಲಿ ಪೋರ್ಚುಗೀಸರಿಂದ ವಿಮೋಚನೆಗೊಂಡು, 1967ರ ಜನಮತ ಗಣನೆಯಲ್ಲಿ ಮಹಾರಾಷ್ಟ್ರದೊಡನೆ ವಿಲೀನವನ್ನು ನಿರಾಕರಿಸಿ, 1987ರಲ್ಲಿ ರಾಜ್ಯವಾಯಿತು. ತನ್ನ ಭಾಷೆ, ತನ್ನ ಭೂಮಿ ಕರಗಿಹೋದಾವೆಂಬ ಭಯ ಅದರ ಹುಟ್ಟಿನೊಡನೆ ಬಂದಿದೆ. ಗಡಿವಿವಾದದ ಬಿಸಿಯಲ್ಲಿಯೇ ಬಾಳಿದ ಬೆಳಗಾವಿಯ ನಾವು ಆ ಭಯವನ್ನು ಗೇಲಿ ಮಾಡುವಂತಿಲ್ಲ. 2022ರ ಚುನಾವಣೆಯಲ್ಲಿ ಒಂದು ಸ್ಥಾನ ಗೆದ್ದ ರೆವಲ್ಯೂಷನರಿ ಗೋವನ್ಸ್ ಪಕ್ಷವು, 1961ರ ಡಿಸೆಂಬರ್ 20ಕ್ಕಿಂತ ಮುಂಚೆ ತಂದೆತಾಯಿಯೋ ಅಜ್ಜಅಜ್ಜಿಯೋ ಗೋವಾದಲ್ಲಿ ಜನಿಸಿದವರನ್ನು ಮಾತ್ರ ಗೋವಾ ಮೂಲದವರೆಂದು ಪರಿಗಣಿಸಬೇಕೆನ್ನುತ್ತದೆ. ಈ ವಾದ ಭಯದಿಂದ ಹುಟ್ಟಿದ್ದು ನಿಜ, ನ್ಯಾಯದಿಂದ ಹುಟ್ಟಿದ್ದೆನ್ನಲಾರೆ. ಏಕೆಂದರೆ ಗೋವಾದವರೇ ತಲೆಮಾರುಗಳಿಂದ ಪರಸ್ಥಳದಲ್ಲಿ ದುಡಿದವರು. ಮುಂಬೈಯ ಕೂಡುಗಳೆಂಬ ಊರವಾರು ವಸತಿಗೃಹಗಳು, ಕೊಲ್ಲಿ ದೇಶಗಳು, ಈಚೆಗೆ ಪೋರ್ಚುಗೀಸ್ ಪಾಸ್‌ಪೋರ್ಟಿನ ಬಲದಿಂದ ಇಂಗ್ಲೆಂಡಿನ ಸ್ವಿಂಡನ್ ಪಟ್ಟಣ: ಅಲ್ಲೆಲ್ಲ ಅವರೂ ಅನ್ಯರೇ. ಅಲ್ಲಿಯ ಯಾರಾದರೂ ಅವರನ್ನು ಅಜ್ಜನ ಜನ್ಮಸ್ಥಳದಿಂದ ಅಳೆದರೆ ಏನೆನ್ನಿಸೀತು?

ನಮ್ಮ ಕೈಯೂ ಶುಭ್ರವಲ್ಲ. 2004ರ ಜೂನಿನಲ್ಲಿ ಬೈನಾ ಕಡಲತೀರದ ಗುಡಿಸಲುಗಳನ್ನು ಕೆಡವಿದಾಗ ಕರ್ನಾಟಕದಲ್ಲಿ ಆಕ್ರೋಶವೆದ್ದಿತು. 2017ರಲ್ಲಿ ಅಲ್ಲಿ ಮತ್ತೆ ಮನೆಗಳು ಉರುಳಿದಾಗಲೂ ಎದ್ದಿತು. ಅಲ್ಲಿ ದೇಹ ಮಾರಿ ಬದುಕುತ್ತಿದ್ದ ಹೆಣ್ಣುಮಕ್ಕಳಲ್ಲಿ ಉತ್ತರ ಕರ್ನಾಟಕದವರೂ ಇದ್ದರು. ದೇವದಾಸಿ ಬಿಡುವುದನ್ನು ನಿಷೇಧಿಸುವ ಕಾಯ್ದೆಯನ್ನು ಕರ್ನಾಟಕ ಅಂಗೀಕರಿಸಿದ್ದು 1982ರಲ್ಲಿ. ಅವರು ಘಟ್ಟವಿಳಿದದ್ದು ಏತಕ್ಕೆ ಎಂದು ಕೇಳಿದವರೆಷ್ಟು ಮಂದಿ?

ರಾಜಕೀಯದಲ್ಲಿ ವಲಸೆಗಾರನ ಅಭಿಪ್ರಾಯ ಎಷ್ಟು ಇಕ್ಕಟ್ಟಿನದೆಂಬುದಕ್ಕೆ ಮಹದಾಯಿ ಸಾಕ್ಷಿ. ನ್ಯಾಯಾಧಿಕರಣವು 2018ರ ಆಗಸ್ಟ್ 14ರ ತೀರ್ಪಿನಲ್ಲಿ ಕರ್ನಾಟಕಕ್ಕೆ 13.42 ಟಿಎಂಸಿ ನೀರು ಹಂಚಿತು. ಅದರಲ್ಲಿ ಕಳಸಾ ಮತ್ತು ಬಂಡೂರಿಗಳಿಂದ ಮಲಪ್ರಭೆಗೆ ತಿರುಗಿಸಬಹುದಾದದ್ದು 3.9 ಟಿಎಂಸಿ. ಆ ನೀರು ಬರಬೇಕಾದದ್ದು ಸವದತ್ತಿಯ ನವಿಲುತೀರ್ಥದ ಅಣೆಕಟ್ಟೆಗೆ. ಸವದತ್ತಿಯಿಂದ ಹೋದ ಕೂಲಿಕಾರನು ಊರಿನಲ್ಲಿ ಹೊಲಕ್ಕೆ ನೀರು ಬೇಕೆನ್ನುತ್ತಾನೆ. ಗೋವಾದಲ್ಲಿ ತನ್ನ ಧಣಿಯು ಅದೇ ನದಿಯನ್ನು ತಾಯಿಯೆನ್ನುವುದನ್ನು ಕೇಳುತ್ತಾನೆ, ಅದೇ ನಾಡಿನ ನಳದ ನೀರು ಕುಡಿಯುತ್ತಾನೆ. ಎರಡೂ ದಂಡೆಗಳನ್ನು ಮೈಯಿಂದ ಅರಿತವನು ಅವನೊಬ್ಬನೇ. ಎರಡೂ ಕಡೆಯ ಸಭೆಗಳಲ್ಲಿ ಅವನು ತುಟಿಪಿಟಕ್ಕೆನ್ನುವಂತಿಲ್ಲ. ಇಲ್ಲಿ ಮಾತಾಡಿದರೆ ದ್ರೋಹಿ, ಅಲ್ಲಿ ಮಾತಾಡಿದರೆ ಘಾಂಟಿ.

ಅರಿಸ್ಟಾಟಲನು ಒಂದು ಸ್ಥಳದಲ್ಲಿ ವಾಸಿಸಿದ ಮಾತ್ರಕ್ಕೆ ಯಾರೂ ಪೌರರಾಗುವುದಿಲ್ಲ. ಆಲೋಚನಾಸಭೆಯಲ್ಲಿ, ನ್ಯಾಯನಿರ್ಣಯದಲ್ಲಿ ಪಾಲುಳ್ಳವನೇ ಪೌರ ಎಂದು ವಿವರಿಸಿದನು. ಸ್ವಾರಸ್ಯವೆಂದರೆ, ಸ್ಟಾಗೈರಾದಲ್ಲಿ ಜನಿಸಿದ ಆತ ಸ್ವತಃ ಅಥೆನ್ಸಿನಲ್ಲಿ ಮತಾಧಿಕಾರವಿಲ್ಲದ ಪರಸ್ಥಳೀಯ ನಿವಾಸಿ! ಆ ನಗರದ ರಾಜ್ಯವ್ಯವಸ್ಥೆಯನ್ನು ಅವನಷ್ಟು ಆಳವಾಗಿ ಶೋಧಿಸಿದವರು ಅಲ್ಲಿಯ ಪೌರರಲ್ಲಿಯೂ ವಿರಳ. ಹೊರಗಿನವನ ನೋಟಕ್ಕೆ ದೋಷವುಂಟು, ನಿಜ. ಅವನು ಭಾಷೆಯನ್ನು ಅರ್ಧ ಬಲ್ಲ, ಬೇರುಗಳನ್ನು ಕಾಣ. ಆದರೆ ಒಳಗಿನವನು ರೂಢಿಯಿಂದ ಕಾಣದೆ ಹೋದದ್ದನ್ನು ಅವನು ಮೊದಲ ದಿನವೇ ಕಾಣುತ್ತಾನೆ.

ಭಾರತದ ಸಂವಿಧಾನ ಅರಿಸ್ಟಾಟಲನ ಕಾಲದ ಅಥೆನ್ಸಿಗಿಂತ ಉದಾರವಾದುದು. ರಾಮದುರ್ಗದವನು ಗೋವಾದಲ್ಲಿ ಪರದೇಶಿಯಲ್ಲ. ಸಾಮಾನ್ಯವಾಗಿ ಎಲ್ಲಿ ವಾಸವಾಗಿದ್ದಾನೋ ಅಲ್ಲಿ ಮತದಾರನಾಗುವ ಹಕ್ಕು ಅವನಿಗಿದೆ. ಹಕ್ಕಿದ್ದರೂ ಕಾಗದ ಬೇಕು. 2025ರ ನವೆಂಬರ್ 4ರಂದು ಗೋವಾದಲ್ಲಿ ಆರಂಭವಾದ ಮತದಾರರ ಪಟ್ಟಿಯ ವಿಶೇಷ ತೀವ್ರ ಪರಿಷ್ಕರಣೆಯು, ಹಿಂದಿನ ತೀವ್ರ ಪರಿಷ್ಕರಣೆಯ ಪಟ್ಟಿಯಲ್ಲಿ ತನ್ನ ಅಥವಾ ತಂದೆತಾಯಿಯ ಹೆಸರನ್ನು ತೋರಿಸುವಂತೆ ಕೇಳಿತು. ಗುಳೆ ಹೋದವನ ತಂದೆಯ ಹೆಸರು ಸಿಗಬೇಕಾದದ್ದು ಊರಿನ ಹಳೆಯ ಪಟ್ಟಿಯಲ್ಲಿ. ಅದನ್ನು ಹುಡುಕಿಕೊಡಬಲ್ಲವರು ಊರಿನಲ್ಲಿರುವ ಓದುಬಲ್ಲ ಬಂಧುಗಳು, ಗ್ರಾಮದ ಶಿಕ್ಷಕರು, ನಮ್ಮ ಧರ್ಮಕೇಂದ್ರಗಳ ಯುವಕರು.

ಎರಡು ಕಡೆ ಹೆಸರಿಡುವುದಕ್ಕೆ ಕಾಯ್ದೆ ಒಪ್ಪುವುದಿಲ್ಲ. ಊರಿನಲ್ಲಿ ಹೆಸರುಳಿದರೆ ಪಂಚಾಯಿತಿಯವರು ಇವನು ನಮ್ಮವನೆನ್ನುತ್ತಾರೆ, ಮನೆಯ ಅರ್ಜಿಗೆ ಬಲ ಬರುತ್ತದೆ. ಗೋವಾದಲ್ಲಿ ಹೆಸರಿದ್ದರೆ ಅಲ್ಲಿಯ ಶಾಸಕನು ನಳದ ದೂರನ್ನಾದರೂ ಕೇಳುತ್ತಾನೆ, ಆಸ್ಪತ್ರೆಯ ಕಾರ್ಡಿಗೆ ವಾಸದ ಪುರಾವೆಯೊಂದು ಕೂಡುತ್ತದೆ. ಆದ್ದರಿಂದ ಎಷ್ಟೋ ಮನೆಗಳಲ್ಲಿ ಮುದುಕರ ಹೆಸರು ಇಲ್ಲಿ, ದುಡಿಯುವ ಮಗನ ಹೆಸರು ಅಲ್ಲಿ, ಸೊಸೆಯ ಹೆಸರು ಎಲ್ಲಿರಬೇಕೆಂಬುದು ಇನ್ನೂ ಇತ್ಯರ್ಥವಾಗಿರುವುದಿಲ್ಲ.