ಕಿವಿಗಳ ಮೀಸಲು ಪಡೆ

ಮೀಸಲು ಪಡೆ ಎಂದೊಡನೆ ಕಣ್ಣಿಗೆ ಕಟ್ಟುವುದು ಬಂದೂಕು ಹೆಗಲಿಗೇರಿಸಿ ಸರದಿ ಕಾಯುವ ಸೈನಿಕರು. ಸೇನೆಯ ಸಂಪರ್ಕ ವಿಭಾಗಕ್ಕೆ ಈ ಚಿತ್ರ ಹೊಂದುವುದಿಲ್ಲ. ಬಂದೂಕು ಹಿಡಿಯುವುದನ್ನು ಕೆಲವು ತಿಂಗಳಲ್ಲಿ ಕಲಿಸಬಹುದು. ಆದರೆ ಗೊರಗೊರ ಸದ್ದಿನ ನಡುವೆ ಎಲ್ಲೋ ಕ್ಷೀಣವಾಗಿ ಮಿಡಿಯುವ ಮೋರ್ಸ್ ಸಂಕೇತವನ್ನು ಹೆಕ್ಕಿ ಬರೆದುಕೊಳ್ಳುವ ಕಿವಿ ವರ್ಷಗಟ್ಟಲೆ ಪಳಗಬೇಕು. ಯುದ್ಧ ಬಂದಮೇಲೆ ಅದನ್ನು ತಯಾರಿಸುತ್ತೇವೆಂದು ಹೊರಟರೆ ಆಗುವ ಕೆಲಸವಲ್ಲ. ಶಾಂತಿಯ ಕಾಲದಲ್ಲೇ, ಯಾರದೋ ಮನೆಯ ಮೂಲೆಯಲ್ಲಿ, ಸಂಬಳವಿಲ್ಲದ ಪ್ರೀತಿಯಿಂದ ಅದು ಬೆಳೆದಿರಬೇಕು. ಎರಡನೆಯ ಮಹಾಯುದ್ಧದ ಕಾಲದ ಬ್ರಿಟನ್ನಿನಲ್ಲಿ, ಶತ್ರು ಗೂಢಚಾರರ ರೇಡಿಯೊ ಸಂದೇಶಗಳಿಗೆ ಕಿವಿಗೊಡುತ್ತಿದ್ದ ರೇಡಿಯೊ ಸೆಕ್ಯುರಿಟಿ ಸರ್ವಿಸ್ ಬೆಳೆದ ಬಗೆಯನ್ನು ಓದಿದಾಗಲೆಲ್ಲ ನನಗೆ ಇದು ಮತ್ತಷ್ಟು ಖಚಿತವಾಗುತ್ತದೆ.

ಹವ್ಯಾಸಿ ರೇಡಿಯೊದವರ ಬೆಲೆ ಅಲ್ಲಿನ ಸೇನೆಗೆ ತಿಳಿಯದೆ ಇರಲಿಲ್ಲ. ಅವರನ್ನು ನೆಚ್ಚಿಕೊಂಡೇ ನೌಕಾಪಡೆ 1932ರಲ್ಲೂ ವಾಯುಪಡೆ 1938ರಲ್ಲೂ ತಂತಮ್ಮ ವೈರ್‌ಲೆಸ್ ಮೀಸಲು ದಳಗಳನ್ನು ಕಟ್ಟಿದ್ದವು. ಆದರೆ 1939ರಲ್ಲಿ ಯುದ್ಧ ಶುರುವಾದಾಗ ಸರ್ಕಾರ ಮೊದಲು ಮಾಡಿದ್ದು ಇದೇ ಹವ್ಯಾಸಿಗಳ ಲೈಸೆನ್ಸು ರದ್ದುಪಡಿಸಿ ಟ್ರಾನ್ಸ್‌ಮಿಟರುಗಳನ್ನು ವಶಕ್ಕೆ ತೆಗೆದುಕೊಂಡದ್ದು. ಶತ್ರುವಿಗೆ ಸುದ್ದಿ ಹೋದೀತೆಂಬ ಭಯ. ಮಾತಾಡುವ ಯಂತ್ರ ಹೋಯಿತು. ಕೇಳುವ ಯಂತ್ರ ಮನೆಯಲ್ಲೇ ಉಳಿಯಿತು.

ಆ ಉಳಿದದ್ದರ ಮೇಲೆ ಕಣ್ಣಿಟ್ಟವರಲ್ಲಿ ರೇಡಿಯೊ ಸೆಕ್ಯುರಿಟಿ ಸರ್ವಿಸ್‌ನ ಲಾರ್ಡ್ ಸ್ಯಾಂಡ್‌ಹರ್ಸ್ಟ್ ಒಬ್ಬರು. ಬ್ರಿಟನ್ನಿನೊಳಗೆ ಅಡಗಿ ಜರ್ಮನಿಗೆ ಸಂದೇಶ ಕಳಿಸುವ ಗೂಢಚಾರರನ್ನು ಪತ್ತೆಹಚ್ಚಲು ಕಿವಿಗಳು ಬೇಕಾಗಿದ್ದವು. ಸ್ಯಾಂಡ್‌ಹರ್ಸ್ಟ್ ಅಲ್ಲಿನ ಹವ್ಯಾಸಿ ರೇಡಿಯೊ ಸಂಘದ ಅಧ್ಯಕ್ಷ ಆರ್ಥರ್ ವಾಟ್ಸ್ ಅವರನ್ನು ಕಂಡು, ನಂಬಿಕಸ್ತ ಸದಸ್ಯರನ್ನು ಗುಟ್ಟಾಗಿ ಆರಿಸತೊಡಗಿದರು. ಹೀಗೆ ಸೇರಿದವರ ಸಂಖ್ಯೆ ಮುಂದೆ ಸುಮಾರು 1500ಕ್ಕೆ ಮುಟ್ಟಿತು. ವಾಲಂಟರಿ ಇಂಟರ್‌ಸೆಪ್ಟರ್ಸ್ ಎಂದು ಅವರನ್ನು ಕರೆದರು. ಹಗಲಿಡೀ ತಮ್ಮ ಉದ್ಯೋಗ ಮಾಡಿ, ರಾತ್ರಿ ಊಟವಾದ ಮೇಲೆ ಹೆಡ್‌ಫೋನ್ ಏರಿಸಿ ಕೂರುತ್ತಿದ್ದವರು ಇವರು.

ಕೆಲಸ ಹೀಗೆ: ಗೊತ್ತುಮಾಡಿಕೊಟ್ಟ ತರಂಗಾಂತರಗಳ ಪಟ್ಟಿಯಲ್ಲಿ ಮುಳ್ಳನ್ನು ಕೂದಲೆಳೆಯಷ್ಟು ಸರಿಸುತ್ತ ಹುಡುಕುವುದು. ಸೇನೆಯದಲ್ಲದ, ಹಡಗಿನದಲ್ಲದ, ಯಾರದೆಂದು ತಿಳಿಯದ ಸಂಕೇತ ಸಿಕ್ಕರೆ ದಿನಾಂಕ, ವೇಳೆ, ತರಂಗಾಂತರ, ಕರೆಗುರುತು, ಅಕ್ಷರಗಳ ಗುಂಪು ಇಷ್ಟನ್ನೂ ಹಾಳೆಯಲ್ಲಿ ಬರೆಯುವುದು. ಆ ಅಕ್ಷರಗಳಿಗೆ ಅರ್ಥವಿಲ್ಲ. ಒಂದು ತಪ್ಪಿದರೆ ಊಹಿಸಿ ತುಂಬುವಂತಿಲ್ಲ. ಹಾಳೆಗಳನ್ನು ಬಾರ್ನೆಟ್ಟಿನ ಅಂಚೆಪೆಟ್ಟಿಗೆ 25ಕ್ಕೆ ಕಳಿಸಿಬಿಡುವುದು. ದಿನ ಕಳೆದಂತೆ ಕೇಳುಗನಿಗೆ ಒಬ್ಬೊಬ್ಬ ಕಳಿಸುವವನ ಕೈಯೂ ಪರಿಚಿತವಾಗುತ್ತಿತ್ತು. ಕೈಬರಹದ ಹಾಗೆ ಮೋರ್ಸ್ ಕೀಲಿ ಒತ್ತುವ ಲಯವೂ ಪ್ರತಿಯೊಬ್ಬನಿಗೂ ಬೇರೆ. ಕರೆಗುರುತು ಬದಲಿಸಿದರೂ ಮನುಷ್ಯ ಅವನೇ ಎಂದು ಪಳಗಿದ ಕಿವಿ ಹೇಳಬಲ್ಲದು. ತರಬೇತಿ ಶಿಬಿರದಲ್ಲಿ ಅವಸರದಿಂದ ಕಲಿತವನಿಗೆ ಇದು ದಕ್ಕುವುದಲ್ಲ.

ಅವರು ಹುಡುಕಲು ಹೊರಟ ಗೂಢಚಾರರು ದೇಶದೊಳಗೆ ಸಿಗಲಿಲ್ಲವೆಂದೇ ಹೇಳಬೇಕು. ಸಿಕ್ಕಿದ್ದು ಅದಕ್ಕಿಂತ ದೊಡ್ಡದು: ಯುರೋಪಿನುದ್ದಕ್ಕೂ ಹರಡಿದ್ದ ಜರ್ಮನ್ ಬೇಹುಗಾರಿಕೆ ಸಂಸ್ಥೆ ಅಬ್‌ವೇರ್‌ನ ಸಂದೇಶ ಜಾಲ. ರೇಡಿಯೊ ಸೆಕ್ಯುರಿಟಿ ಸರ್ವಿಸ್‌ನಲ್ಲಿದ್ದ ಇ. ಡಬ್ಲ್ಯು. ಬಿ. ಗಿಲ್ ಮತ್ತು ಯುವ ಇತಿಹಾಸಕಾರ ಹ್ಯೂ ಟ್ರೆವರ್-ರೋಪರ್ 1940ರ ಆರಂಭದಲ್ಲೇ ಅದರ ಒಂದು ಗೂಢಲಿಪಿಯನ್ನು ತಾವೇ ಬಿಡಿಸಿದರು. ತಮ್ಮ ಹೊಲಕ್ಕೆ ಬೇರೆಯವರು ಕಾಲಿಟ್ಟದ್ದು ಬ್ರಿಟನ್ನಿನ ಗೂಢಲಿಪಿ ಬಿಡಿಸುವ ಕೇಂದ್ರವಾದ ಬ್ಲೆಚ್ಲಿ ಪಾರ್ಕಿನ ಪರಿಣತರಿಗೆ ಹಿಡಿಸಲಿಲ್ಲ. ಆದರೂ ಮುಂದೆ ಅಲ್ಲಿನ ಆಲಿವರ್ ಸ್ಟ್ರೇಚಿಯವರ ವಿಭಾಗ ಆ ಸಂದೇಶಗಳನ್ನು ಬಿಡಿಸುತ್ತ ಹೋಯಿತು. 1941ರ ಕೊನೆಗೆ ಡಿಲ್ಲಿ ನಾಕ್ಸ್ ಅವರ ತಂಡ ಅಬ್‌ವೇರ್‌ನ ಎನಿಗ್ಮಾ ಗೂಢಲಿಪಿ ಯಂತ್ರವನ್ನೂ ಭೇದಿಸಿತು. ಜರ್ಮನ್ ಗೂಢಚಾರರನ್ನೇ ತಿರುಗಿಸಿ ಸುಳ್ಳು ಸುದ್ದಿ ಕಳಿಸಿದ ಡಬಲ್ ಕ್ರಾಸ್ ತಂತ್ರ 1944ರ ನಾರ್ಮಂಡಿ ದಾಳಿಗೆ ಮುನ್ನ ಫಲ ಕೊಟ್ಟಿತು. ಶತ್ರು ಆ ಸುಳ್ಳನ್ನು ನಂಬಿದ್ದಾನೆಂಬುದು ತಿಳಿದದ್ದು ಅವನ ಸಂದೇಶಗಳನ್ನು ಓದಿಯೇ. ಬ್ಲೆಚ್ಲಿಯ ಮೇಧಾವಿಗಳ ಹೆಸರು ಎಲ್ಲರಿಗೂ ಗೊತ್ತು. ಆದರೆ ಬಿಡಿಸಲು ಮೊದಲು ಅಕ್ಷರಗಳು ಕೈಸೇರಬೇಕಲ್ಲ!

ಇದೇ ಯುದ್ಧದಲ್ಲಿ ಜಪಾನಿನ ಸಂದೇಶಗಳಿಗೆ ಕಿವಿಗೊಡಲು ದೆಹಲಿಯ ಆನಂದ ಪರ್ಬತ್‌ನಲ್ಲಿ ವೈರ್‌ಲೆಸ್ ಎಕ್ಸ್‌ಪೆರಿಮೆಂಟಲ್ ಸೆಂಟರ್ ಇತ್ತು; ಅದರ ಒಂದು ಉಪಕೇಂದ್ರ ಬರಾಕ್‌ಪುರದಲ್ಲಿ, ಇನ್ನೊಂದು ನಮ್ಮ ಬೆಂಗಳೂರಿನಲ್ಲಿ. ಬೆಂಗಳೂರಿನ ಯುದ್ಧಕಾಲದ ನೆನಪುಗಳಲ್ಲಿ ವಿಮಾನ ಕಾರ್ಖಾನೆಗೆ ಇರುವ ಜಾಗ ಇದಕ್ಕೆ ಸಿಕ್ಕಿಲ್ಲ.

ನನ್ನನ್ನು ಹೆಚ್ಚು ಕಾಡುವುದು ಬ್ರಿಟನ್ನಿನ ಆ ಸ್ವಯಂಸೇವಕರ ಮೌನ. ಮನೆಯವರಿಗೂ ನಿಜ ಹೇಳುವಂತಿರಲಿಲ್ಲ. ಗಟ್ಟಿಮುಟ್ಟಾದ ಗಂಡಸು ಯುದ್ಧಕ್ಕೆ ಹೋಗದೆ ಮನೆಯಲ್ಲಿದ್ದಾನೆಂದು ನೆರೆಹೊರೆಯವರು ಕಣ್ಣು ಕೆಂಪಗೆ ಮಾಡಬಾರದೆಂದು ಕೆಲವರಿಗೆ ರಾಯಲ್ ಅಬ್ಸರ್ವರ್ ಕೋರ್‌ನ ಸಮವಸ್ತ್ರ ಕೊಟ್ಟದ್ದುಂಟು. ತಾವು ಬರೆದುಕೊಂಡದ್ದು ಏನೆಂದು ಅವರಿಗೇ ತಿಳಿಸಿರಲಿಲ್ಲ. 1979ರಲ್ಲಿ ಬಿಬಿಸಿಯ ಸಾಕ್ಷ್ಯಚಿತ್ರವೊಂದು ಈ ಕಥೆಯನ್ನು ಜನರ ಮುಂದಿಡುವ ಹೊತ್ತಿಗೆ ಯುದ್ಧ ಮುಗಿದು ಮೂವತ್ತನಾಲ್ಕು ವರ್ಷವಾಗಿತ್ತು. ಇದು ಅನ್ಯಾಯವೆಂದೇ ನನ್ನ ಅಭಿಪ್ರಾಯ.

ಹವ್ಯಾಸಿಗಳನ್ನು ಅನುಮಾನದಿಂದ ನೋಡಿ, ಕಷ್ಟ ಬಂದಾಗ ಅವರನ್ನೇ ನೆಚ್ಚುವುದು ಬ್ರಿಟನ್ನಿನಲ್ಲಿ ಮಾತ್ರ ನಡೆದದ್ದಲ್ಲ. ಅಂಡಮಾನಿನಲ್ಲಿ ಹ್ಯಾಮ್ ಎನ್ನುವ ಹವ್ಯಾಸಿ ರೇಡಿಯೊಗೆ ನಮ್ಮ ಸರ್ಕಾರ ಬಹುಕಾಲ ಅನುಮತಿಯನ್ನೇ ಕೊಟ್ಟಿರಲಿಲ್ಲ. ಕೊನೆಗೂ ಒಪ್ಪಿಗೆ ಸಿಕ್ಕಿ ಭಾರತಿ ಪ್ರಸಾದ್ ಅವರ ತಂಡ 2004ರ ಡಿಸೆಂಬರಿನಲ್ಲಿ ಪೋರ್ಟ್ ಬ್ಲೇರ್‌ಗೆ ಹೋದದ್ದು ಜಗತ್ತಿನ ಹ್ಯಾಮ್‌ಗಳೊಡನೆ ಮಾತಾಡುವ ಖುಷಿಗಾಗಿ. ಅದೇ ತಿಂಗಳ 26ರಂದು ಸುನಾಮಿ ಅಪ್ಪಳಿಸಿ ದೂರವಾಣಿ ಕೈಕೊಟ್ಟಾಗ, ದ್ವೀಪಗಳಲ್ಲಿ ಬದುಕುಳಿದವರ ಸುದ್ದಿಯನ್ನು ಮುಖ್ಯಭೂಮಿಯ ಬಂಧುಗಳಿಗೆ ಮುಟ್ಟಿಸಲು ನೆರವಾದದ್ದು ಅವರು ಅಲ್ಲಿ ಹೂಡಿದ್ದ ಆ ರೇಡಿಯೊ.