ಪಶ್ಚಾತ್ತಾಪದ ಬಾಗಿಲು ಮತ್ತು ಖಜಾನೆಯ ಕೀಲಿಕೈ

ಒಮ್ಮೆ ಪ್ರವಾದಿ ಮುಹಮ್ಮದ್(ಸ)ರು ಮಾರುಕಟ್ಟೆಯಲ್ಲಿ ಧಾನ್ಯದ ರಾಶಿಯೊಳಗೆ ಕೈಯಿಟ್ಟರು. ಮೇಲೆ ಒಣಗಿದ್ದ ರಾಶಿ ಒಳಗೆ ಒದ್ದೆಯಾಗಿತ್ತು. ಮಳೆಗೆ ನೆನೆಯಿತೆಂದು ವ್ಯಾಪಾರಿ ಹೇಳಿದಾಗ, ಜನರಿಗೆ ಕಾಣುವಂತೆ ಅದನ್ನು ಮೇಲೇಕೆ ಇಡಲಿಲ್ಲವೆಂದು ಪ್ರಶ್ನಿಸಿ, ವಂಚಿಸುವವನು ತಮ್ಮವನಲ್ಲವೆಂದು ಎಚ್ಚರಿಸಿದರು. ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯನ್ನು ಬಲ್ಲವರಿಗೆ ಈ ಹದೀಸನ್ನು ಬಿಡಿಸಿ ಹೇಳಬೇಕಿಲ್ಲ. ಚೀಲದೊಳಗಿನ ತೇವ ತೂಕಕ್ಕೆ ಏನು ಮಾಡುತ್ತದೆಂಬುದು ಅಲ್ಲಿನ ಹಮಾಲನಿಗೂ ಗೊತ್ತು.

ಆದರೆ ಕೈಯಿಟ್ಟು ನೋಡಲಾಗದ ರಾಶಿಗಳೂ ಇವೆ. ರಾಣೆಬೆನ್ನೂರಿನಲ್ಲಿ ಬೀಜ ಕೊಳ್ಳುವ ರೈತ ಪೊಟ್ಟಣದ ಮೇಲಿನ ಚೀಟಿಯನ್ನು ನಂಬುತ್ತಾನೆ. ಸುಳ್ಳು ತಿಳಿಯುವುದು ಬೆಳೆ ಕೈಕೊಟ್ಟ ಮೇಲೆ. ಲೆಕ್ಕಪರಿಶೋಧಕನ ಸಹಿ, ವಕೀಲನ ದಸ್ತಾವೇಜು, ವೈದ್ಯನ ಪ್ರಮಾಣಪತ್ರಗಳೂ ಹಾಗೆಯೇ. ವಂಚನೆಗಾಗಿ ಶಿಕ್ಷೆಗೊಳಗಾದ ಇಂಥ ವೃತ್ತಿಪರನು ಮತ್ತೆ ಅದೇ ಕುರ್ಚಿಯಲ್ಲಿ ಕುಳಿತುಕೊಳ್ಳಬಹುದೇ? "ಶಿಕ್ಷೆ ಮುಗಿಯಿತು, ತೌಬಾ ಮಾಡಿದ್ದಾನೆ, ಇನ್ನೇನು ಬೇಕು?" ಎಂಬುದು ನಮ್ಮಲ್ಲಿ ಸುಲಭವಾಗಿ ಸಿಗುವ ಉತ್ತರ. ಈ ಉತ್ತರವನ್ನು ನಾವು ಒಪ್ಪುವುದಿಲ್ಲ.

ಶೀಲವತಿಯರ ಮೇಲೆ ಸುಳ್ಳು ಆರೋಪ ಹೊರಿಸಿದವರ ಸಾಕ್ಷ್ಯವನ್ನು ಎಂದಿಗೂ ಸ್ವೀಕರಿಸಬಾರದೆಂದು ಪವಿತ್ರ ಕುರ್‌ಆನ್ (24: 4-5) ಆದೇಶಿಸುತ್ತದೆ, ಪಶ್ಚಾತ್ತಾಪಪಟ್ಟು ತಮ್ಮನ್ನು ಸುಧಾರಿಸಿಕೊಂಡವರಿಗೆ ವಿನಾಯಿತಿಯನ್ನೂ ಹೇಳುತ್ತದೆ. ಈ ವಿನಾಯಿತಿಯ ವ್ಯಾಪ್ತಿಯ ಬಗ್ಗೆ ಇಮಾಮರು ಭಿನ್ನಾಭಿಪ್ರಾಯ ಹೊಂದಿದ್ದರು. ಪಶ್ಚಾತ್ತಾಪದಿಂದ ಪಾಪದ ಕಳಂಕ ತೊಳೆದುಹೋದರೂ ಸಾಕ್ಷ್ಯದ ಹಕ್ಕು ಮರಳದೆಂದು ಇಮಾಮ್ ಅಬೂ ಹನೀಫಾ ಹೇಳಿದರೆ, ಮರಳುತ್ತದೆಂದು ಇಮಾಮ್ ಶಾಫಿಈ ಹೇಳಿದರು. ಆದರೆ ಶಾಫಿಈ ವಿದ್ವಾಂಸರೂ ತೌಬಾದ ಮಾತು ಕೇಳಿದೊಡನೆ ಒಪ್ಪಲಿಲ್ಲ. ಎಲ್ಲ ಋತುಗಳೂ ಕಳೆಯುವಂತೆ ಒಂದು ವರ್ಷ ಆತನ ನಡತೆಯನ್ನು ಪರೀಕ್ಷಿಸಬೇಕೆಂದರು. ಕ್ಷಮೆ ಬೇರೆ, ವಿಶ್ವಾಸ ಬೇರೆ ಎಂಬುದರಲ್ಲಿ ಇಬ್ಬರದೂ ಒಂದೇ ಮಾತು.

ನಮ್ಮ ದೇಶದ ಕಾನೂನಿಗೂ ಈ ವ್ಯತ್ಯಾಸ ತಿಳಿದಿದೆ. ನೈತಿಕ ಅಧಃಪತನದ ಅಪರಾಧಕ್ಕಾಗಿ ಸೆರೆವಾಸಕ್ಕೆ ಗುರಿಯಾದವನ ಹೆಸರು ಲೆಕ್ಕಪರಿಶೋಧಕರ ಪಟ್ಟಿಯಲ್ಲಿರಲು 1949ರ ಕಾಯ್ದೆ ಬಿಡುವುದಿಲ್ಲ. ಆ ಅನರ್ಹತೆಯನ್ನು ತೆಗೆಯುವ ಅಧಿಕಾರ ಕೇಂದ್ರ ಸರಕಾರಕ್ಕಿದೆ. 1961ರ ವಕೀಲರ ಕಾಯ್ದೆಯಾದರೋ ಅಂಥವನನ್ನು ವಕೀಲರ ಪಟ್ಟಿಗೆ ಸೇರಿಸಲು ಇರುವ ಅಡ್ಡಿಯನ್ನು ಬಿಡುಗಡೆಯಾದ ಎರಡು ವರ್ಷಗಳಿಗೇ ಕೊನೆಗೊಳಿಸುತ್ತದೆ. ಎರಡು ವರ್ಷಗಳ ದಿನಗಣನೆಯೊಂದೇ ಸುಧಾರಣೆಗೆ ಪುರಾವೆಯಾಗಬಲ್ಲುದೇ? ಸತ್ಯಂ ಕಂಪೆನಿಯ ಲೆಕ್ಕಪತ್ರಗಳು ಸುಳ್ಳೆಂದು 2009ರ ಜನವರಿ 7ರಂದು ಅದರ ಅಧ್ಯಕ್ಷರೇ ಬರೆದುಕೊಟ್ಟರು. 2015ರ ಏಪ್ರಿಲ್ 9ರಂದು ಹೈದರಾಬಾದಿನ ವಿಶೇಷ ನ್ಯಾಯಾಲಯ ಅಪರಾಧಿಗಳೆಂದು ಸಾರಿದ ಹತ್ತು ಮಂದಿಯಲ್ಲಿ ಇಬ್ಬರು ಲೆಕ್ಕಪರಿಶೋಧಕರಿದ್ದರು. ಅವರು ಮೇಲ್ಮನವಿ ಸಲ್ಲಿಸಿದರು, ಅದು ಅವರ ಹಕ್ಕು. ಆದರೆ ಆ ಸಹಿಗಳನ್ನು ನಂಬಿ ಉಳಿತಾಯ ಹೂಡಿದವರ ನಷ್ಟವನ್ನು ಯಾವ ಸೆರೆವಾಸ ತುಂಬಿಕೊಟ್ಟೀತು?

"ಅವನಷ್ಟು ಕೆಲಸ ಬಲ್ಲವರು ಬೇರೆ ಯಾರಿದ್ದಾರೆ?" ಎಂದು ಕೇಳುವವರು ಪ್ರವಾದಿ ಯೂಸುಫ್(ಅ)ರನ್ನು ನೆನೆಯಲಿ. ಸೆರೆಮನೆಯ ಬಾಗಿಲು ತೆರೆದಾಗಲೂ, ತಮ್ಮ ಮೇಲಿನ ಆರೋಪದ ವಿಚಾರಣೆ ನಡೆಯುವ ತನಕ ಅವರು ಹೊರಬರಲೊಪ್ಪಲಿಲ್ಲ (12: 50). ನಿರಪರಾಧಿಯೇ ಅಷ್ಟು ಕಾದರೆ, ಅಪರಾಧಿಗೆ ಅವಸರವೇಕೆ? ಬಳಿಕ ಖಜಾನೆಯ ಹೊಣೆ ಕೇಳಿದಾಗ ಅವರು ಎರಡು ಅರ್ಹತೆಗಳನ್ನು ಮುಂದಿಟ್ಟರು (12: 55): ಕಾಪಾಡುವವನು ಮತ್ತು ಬಲ್ಲವನು. ಕಾಪಾಡುವ ಗುಣ ಮೊದಲು, ಅರಿವು ಆಮೇಲೆ. ವಂಚಕನು ಕಳೆದುಕೊಂಡದ್ದು ಅರಿವನ್ನಲ್ಲ, ಆ ಮೊದಲನೆಯದನ್ನು.

ಹಾಗೆಂದು ಅವನ ಅನ್ನ ಕಸಿಯಲು ನಾವು ಹೇಳುತ್ತಿಲ್ಲ. ಮಸೀದಿಯ ಸಫ್‌ನಲ್ಲಿ ಅವನಿಗೆ ಜಾಗವಿದೆ, ಸಲಾಮಿಗೆ ಉತ್ತರವಿದೆ. ಅವನ ಮಕ್ಕಳ ಶಾಲೆಗೂ ಮದುವೆಗೂ ಅಡ್ಡ ಬರುವುದು ಅನ್ಯಾಯ. ಪರರ ಹಣ ಮುಟ್ಟದ, ಮತ್ತೊಬ್ಬರ ಮೇಲ್ವಿಚಾರಣೆಯಿರುವ ಕೆಲಸವನ್ನು ಹುಡುಕಿಕೊಡುವುದು ಜಮಾಅತಿನ ಹೊಣೆ. ಆದರೆ ನಾವು ಮಾಡುತ್ತಿರುವುದೇನು? ಸಣ್ಣ ಕಳವಿಗೆ ಜೈಲು ಕಂಡ ಬಡ ಚಾಲಕನಿಗೆ ಯಾರೂ ವಾಹನ ಕೊಡುವುದಿಲ್ಲ. ಸಾವಿರ ಮನೆಗಳ ಉಳಿತಾಯ ನುಂಗಿದ ಧನಿಕ ಮರಳಿದರೆ ಹಾವೇರಿಯ ಏಲಕ್ಕಿ ಹಾರ ಹಾಕಿ ವೇದಿಕೆಗೆ ಕರೆಯುತ್ತೇವೆ. ಇದನ್ನು ಕರುಣೆಯೆನ್ನಲಾಗದು, ಇದು ಹಣದ ಆರಾಧನೆ.

ಜನರ ಹಕ್ಕಿಗೆ ಸಂಬಂಧಿಸಿದ ಪಾಪದಲ್ಲಿ ಹಕ್ಕನ್ನು ಮರಳಿಸುವುದು ತೌಬಾದ ಶರತ್ತೆಂದು ಇಮಾಮ್ ನವವಿ 'ರಿಯಾದುಸ್ಸಾಲಿಹೀನ್'ನಲ್ಲಿ ಬರೆದಿದ್ದಾರೆ. ಆದ್ದರಿಂದ ಮೊದಲು ಕಸಿದ ಹಣ ಮರಳಲಿ, ತಪ್ಪಿನ ಒಪ್ಪಿಗೆ ನೊಂದವರ ಎದುರಿನಲ್ಲೇ ಆಗಲಿ. ಅನಂತರ ಅನಾಥರ ಆಸ್ತಿ ಒಪ್ಪಿಸುವ ಮುನ್ನ ಅವರನ್ನು ಪರೀಕ್ಷಿಸಲು ಕುರ್‌ಆನ್ (4: 6) ಕಲಿಸಿದಂತೆ, ಹಂತಹಂತವಾಗಿ ಸಾಕ್ಷಿಗಳ ಮುಂದೆ ಪರೀಕ್ಷೆ ನಡೆಯಲಿ. ವೃತ್ತಿಯ ಪಟ್ಟಿಯನ್ನು ಕಾನೂನು ಕಾಯುತ್ತದೆ. ನಮ್ಮ ಝಕಾತ್ ನಿಧಿಯನ್ನೂ ಮಸೀದಿಯ ಖಜಾನೆಯನ್ನೂ ನಾವೇ ಕಾಯಬೇಕು.

ಪಶ್ಚಾತ್ತಾಪದ ಬಾಗಿಲು ಅಲ್ಲಾಹನದು, ಅದನ್ನು ಮುಚ್ಚಲು ನಮಗೆ ಅಧಿಕಾರವಿಲ್ಲ. ಖಜಾನೆಯಲ್ಲಿರುವುದು ವಿಧವೆಯ, ಅನಾಥನ ಹಣ. ಅದರ ಕೀಲಿಕೈಯನ್ನು ದಾಕ್ಷಿಣ್ಯಕ್ಕೆ ಕೊಟ್ಟುಬಿಡಲೂ ನಮಗೆ ಅಧಿಕಾರವಿಲ್ಲ.