ದುಂದು ಅರಸರದ್ದಂತೆ, ಕಂಪನಿಯದ್ದು ಏನೂ ಇಲ್ಲವಂತೆ!

"ಮುಮ್ಮಡಿ ಕೃಷ್ಣರಾಜ ಒಡೆಯರು ದುಂದು ಮಾಡಿದರು, ಅದಕ್ಕೇ 1831ರಲ್ಲಿ ಬ್ರಿಟಿಷರು ಆಡಳಿತ ಕಿತ್ತುಕೊಂಡರು." ಪರೀಕ್ಷೆಗೆ ಉರು ಹೊಡೆದ ಸಾಲು. ಡಿಪ್ಲೊಮಾ ಮುಗಿಯುವವರೆಗೆ ನಾನೂ ನಂಬಿದ್ದೆ. ಇದು ಅರ್ಧ ಸತ್ಯ.

1799ರಲ್ಲಿ ಐದು ವರ್ಷದ ಮಗುವನ್ನು ಪಟ್ಟಕ್ಕೆ ಕೂರಿಸಿದ ಕಂಪನಿ, ವರ್ಷಕ್ಕೆ 7 ಲಕ್ಷ ವರಹ ಪೊಗದಿ ಬರೆಸಿಕೊಂಡಿತು. ಅಂದರೆ ಸುಮಾರು 24.5 ಲಕ್ಷ ರೂಪಾಯಿ. ಮಳೆ ಬರಲಿ ಬಿಡಲಿ, ಕಟ್ಟಲೇಬೇಕು. ದುಡ್ಡು ತಪ್ಪುವ ಭಯವಿದ್ದರೆ ರಾಜ್ಯವನ್ನೇ ವಶಕ್ಕೆ ತಗೋಬಹುದು ಅಂತಲೂ ಅದೇ ಒಪ್ಪಂದದಲ್ಲಿತ್ತು. ಸಾಲ ಕೊಡುವಾಗಲೇ ಹೊಲದ ಮೇಲೆ ಕಣ್ಣಿಡುವವರನ್ನು ಜಗಳೂರು ಕಡೆಯವರಿಗೆ ಪರಿಚಯಿಸಬೇಕಿಲ್ಲ.

ಅರಮನೆಯ ತಪ್ಪೂ ಕಡಿಮೆಯಲ್ಲ. ಇಷ್ಟು ಕಂದಾಯ ತಂದೇ ತರುತ್ತೇನೆಂದು ಅಮಲ್ದಾರರಿಂದ ಬರೆಸಿಕೊಳ್ಳುವ 'ಶರತ್ತು' ಪದ್ಧತಿ ತಂದರು. ಕೊರತೆ ಬಿದ್ದರೆ ಅಮಲ್ದಾರ ಕೈಯಿಂದ ಕಟ್ಟುತ್ತಾನಾ? ರೈತನ ಕುತ್ತಿಗೆ ಹಿಸುಕಿದ.

1830ರಲ್ಲಿ ನಗರ ಸೀಮೆಯ ರೈತರು ಕೂಟ ಕಟ್ಟಿ ಎದ್ದರು. ಬೂದಿ ಬಸವಪ್ಪ ಮುಂದೆ ನಿಂತ. ತರೀಕೆರೆ ಪಾಳೇಗಾರರೂ ಸೇರಿದರು. ಅವರ ಮನೆತನ ನಮ್ಮ ಚನ್ನಗಿರಿ ತಾಲ್ಲೂಕಿನ ಬಸವಾಪಟ್ಟಣ, ಸಂತೆಬೆನ್ನೂರಿನದೇ. ಹೊನ್ನಾಳಿಯಲ್ಲೂ ಗುಂಡು ಹಾರಿತು. ಆಗ ನ್ಯಾಮತಿ ತಾಲ್ಲೂಕು ಇರಲಿಲ್ಲ, ಸುಲಿಗೆ ಇತ್ತು.

ದಂಗೆ ಅಡಗಿಸಲು ಕಂಪನಿ ಪಡೆಯೇ ಬಂತು. ಅಡಗಿದ ಮೇಲೆ ಅದೇ ದಂಗೆ ನೆಪವಾಯಿತು. ಅಕ್ಟೋಬರ್‌ನಲ್ಲಿ ಬೆಂಟಿಂಕ್ ಪತ್ರ ಬಂತು: ಅರಸರಿಗೆ ಪಟ್ಟ, ಕಮಿಷನರ್‌ಗಳಿಗೆ ಅಧಿಕಾರ. ವಿಯೆಟ್ನಾಂನ ರಾಜರನ್ನು 1884ರ ಒಪ್ಪಂದದಲ್ಲಿ ಫ್ರೆಂಚರು ಕೂರಿಸಿದ್ದೂ ಇಂಥದ್ದೇ ಗೊಂಬೆ ಸಿಂಹಾಸನದ ಮೇಲೆ.

ಅಧಿಕಾರ ಮರಳಿ ಬಂದದ್ದು 1881ರಲ್ಲಿ, ಮುಮ್ಮಡಿಯವರ ದತ್ತುಮಗನಿಗೆ. ಪೊಗದಿಯನ್ನು 35 ಲಕ್ಷಕ್ಕೆ ಏರಿಸುವ ಷರತ್ತಿನೊಂದಿಗೆ.